ಮೆಕ್ಕೆಜೋಳಕ್ಕೆ ಹುಳು ಬಿತ್ತು: ಗಿಡಕ್ಕೇ ಬಿಡಬಹುದಾ?

ಪರ: ಪಂಪ್ ಕೆಳಗಿಡಿ ಭಾವ

ಶಿಕಾರಿಪುರದ ಹತ್ತಿರ ನಮ್ಮ ಭಾವನ ಹೊಲ. ಮೆಕ್ಕೆಜೋಳ ಮಂಡಿಯೆತ್ತರ ಬಂದಿತ್ತು. ಒಂದು ಸುಳಿ ಬಿಡಿಸಿ ನೋಡಿದೆ. ಒದ್ದೆ ಮರದ ಹೊಟ್ಟಿನಂಥ ಲದ್ದಿ, ಅದರ ಕೆಳಗೆ ಲದ್ದಿ ಹುಳು (ಫಾಲ್ ಸೈನಿಕ ಹುಳು). ಹಣೆಯ ಮೇಲೆ ತಲೆಕೆಳಗಾದ ವೈ ಅಕ್ಷರ. ಭಾವ ಆಗಲೇ ಪಂಪ್ ತರಲು ಹೊರಟಿದ್ದರು.

ಗಿಡ ಸುಮ್ನೆ ನಿಂತು ತಿನ್ನಿಸಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಕೆಸುವಿನ ಸೊಪ್ಪನ್ನು ಹುಳಿ ಹಾಕದೆ ಬೇಯಿಸಿ ತಿನ್ನಿ, ಗಿಡದ ಸಿಟ್ಟು ಏನು ಅಂತ ಗಂಟಲು ಹೇಳುತ್ತದೆ. ಜೋಳದ ದಾರಿ ಬೇರೆ. ಹುಳು ಕಚ್ಚಿದಾಗ ಅದರ ಎಂಜಲು ಎಲೆಯ ಗಾಯಕ್ಕೆ ತಾಗುತ್ತದೆ. ಬರೀ ಹರಿದದ್ದಲ್ಲ, ಯಾರೋ ತಿನ್ನುತ್ತಿದ್ದಾರೆ ಅಂತ ಗಿಡಕ್ಕೆ ಗೊತ್ತಾಗುವುದು ಆ ಎಂಜಲಿನಿಂದ. ಆಮೇಲೆ ಗಿಡ ಒಂದು ವಾಸನೆ ಬಿಡುತ್ತದೆ. ಅದರ ಜಾಡು ಹಿಡಿದು ಬರುವ ಪುಟ್ಟ ಕಣಜ ಹುಳುವಿನ ಮೈಯೊಳಗೇ ಮೊಟ್ಟೆ ಇಡುತ್ತದೆ, ಕಣಜದ ಮರಿ ಹುಳುವನ್ನು ಒಳಗಿನಿಂದಲೇ ತಿಂದು ಸಾಯಿಸುತ್ತದೆ. ಇದೇ ಕುಲದ ಇನ್ನೊಂದು ಹುಳುವನ್ನು ಎಲೆಗೆ ಬಿಟ್ಟು, ಜೋಳದಲ್ಲೇ ಅಮೆರಿಕದ ವಿಜ್ಞಾನಿಗಳು 1990ರಲ್ಲಿ ಇದನ್ನು ತೋರಿಸಿದರು.

ಇನ್ನೊಂದು ನನಗೆ ಬಹಳ ಇಷ್ಟವಾದದ್ದು. 2014ರಲ್ಲಿ ಮಿಸೌರಿ ವಿಶ್ವವಿದ್ಯಾಲಯದವರು ಹುಳು ಎಲೆ ಅಗಿಯುವಾಗಿನ ಸಣ್ಣ ನಡುಕವನ್ನು ಸಾಸಿವೆ ಜಾತಿಯ ಒಂದು ಗಿಡದ ಎಲೆಗೆ ಕೊಟ್ಟರು. ಹುಳುವೇ ಇರಲಿಲ್ಲ. ಆಮೇಲೆ ನಿಜವಾದ ಹುಳು ಬಿಟ್ಟಾಗ ಆ ಗಿಡದಲ್ಲಿ ಸಾಸಿವೆಯ ಘಾಟು ಜಾಸ್ತಿ. ಗಾಳಿಯ ನಡುಕ ಕೊಟ್ಟ ಗಿಡದಲ್ಲಿ ಹಾಗಾಗಲಿಲ್ಲ!

ಈಗ ಔಷಧಿ ಹೊಡೆದರೆ ಮೊದಲು ಸಾಯೋದು ಯಾರು? ಹುಳು ಲದ್ದಿಯ ಮುಚ್ಚಳದ ಕೆಳಗೆ ಬೆಚ್ಚಗಿದೆ. ಕಣಜ ಎಲೆಯ ಮೇಲಿದೆ. ಮಳೆ ಹಿಡಿದರೆ ಹುಳುವಿಗೂ ಬೂಷ್ಟು ರೋಗ ಬರುತ್ತದೆ, ಮೈಯೆಲ್ಲ ಬೆಳ್ಳಗಾಗಿ ಆಮೇಲೆ ತಿಳಿಹಸಿರಾಗಿ ಎಲೆಯ ಮೇಲೇ ಸೆಟೆದುಕೊಳ್ಳುತ್ತದೆ. ಎರಡು ದಿನ ಕಾಯಿರಿ ಅಂದೆ, ಅಷ್ಟೇ.

ವಿರೋಧ: ಬಾಮೈದ ಬೆಂಗಳೂರಿಗೆ ಹೋಗ್ತಾನೆ, ಹೊಲ ಇಲ್ಲೇ ಇರುತ್ತೆ

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಗಂಟಲು ಕೆರೆಯುತ್ತದೆ ಅಂತ ನಾವು ಕೆಸು ಬಿಟ್ವಾ? ಹುಳಿ ಹಾಕಿ ಪತ್ರೊಡೆ ಮಾಡಿದೆವು. ಈ ಹುಳುವೂ ಅದನ್ನೇ ಮಾಡಿದೆ. ಎಳೆ ಜೋಳದ ಎಲೆಯಲ್ಲಿ ಹುಳುಗಳಿಗೆ ಆಗದ ವಿಷ ಇರುತ್ತದೆ, ಇದು ಅದನ್ನು ಹೊಟ್ಟೆಯಲ್ಲೇ ಸಪ್ಪೆ ಮಾಡಿಕೊಳ್ಳುತ್ತದೆ. ಮೆಕ್ಕೆಜೋಳವೂ ಹುಳುವೂ ಅಮೆರಿಕ ಕಡೆಯವು, ಹಳೇ ಪರಿಚಯ. ಭಾರತದಲ್ಲಿ ಇದು ಮೊದಲು ಸಿಕ್ಕಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ.

ಆ ಲದ್ದಿಯ ಕಥೆ ಬಾಮೈದ ಹೇಳಲೇ ಇಲ್ಲ. ಗಿಡ ಮಾಡಿದ ಒಂದು ಪ್ರೋಟೀನು ಹುಳುವಿನ ಹೊಟ್ಟೆ ದಾಟಿ ಲದ್ದಿಯಲ್ಲಿ ಹೊರಗೆ ಬರುತ್ತದೆ. ಅದು ಗಾಯಕ್ಕೆ ತಾಗಿದರೆ ಗಿಡ ಬೂಷ್ಟು ರೋಗ ಬಂತೆಂದು ಆ ಕಡೆ ತಿರುಗುತ್ತದೆ, ಹುಳುವಿನ ಕಡೆಯ ಕಾವಲು ಸಡಿಲ. ನಾವು ಲದ್ದಿ ಹುಳು ಅಂತ ಕರೆದದ್ದು ಸರಿಯಾಗೇ ಇದೆ, ಅಲ್ವಾ?

ಎರಡು ದಿನವಂತೆ. ಈ ಹುಳು ಬೆಳೆದು ಆಗುವ ಒಂದು ಪತಂಗ ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಸಣ್ಣ ಹುಳು ಎಲೆ ಕೆರೆಯುತ್ತಿರುವಾಗಲೇ ಹೊಡೆಯಬೇಕು, ದಪ್ಪಗಾಗಿ ಸುಳಿಗಿಳಿದರೆ ಔಷಧಿ ಮುಟ್ಟುವುದು ಕಷ್ಟ. ಕಾಡಿನ ಗಿಡಕ್ಕೆ ನಾಲ್ಕು ಬೀಜ ಉದುರಿಸಿದರೆ ಸಾಕು. ನನ್ನದು ಕ್ವಿಂಟಲ್ ಲೆಕ್ಕ, ಮೇಲೆ ಸೊಸೈಟಿ ಸಾಲ.

ಸುಳಿಗೇ ನೋಝಲ್ ಹಿಡಿದು ಹೊಡೆದೆ. ಒಳಗಿಳಿದ ಹುಳುಗಳ ಮೇಲೆ ಹಿಡಿ ಮರಳು ಹಾಕಿದೆ. ಬದುವಿನ ಕಡೆಯ ನಾಲ್ಕು ಸಾಲು ಮಾತ್ರ ಬಾಮೈದನಿಗೆ ಬಿಟ್ಟಿದ್ದೇನೆ. ಕಣಜ ಬಂತಾ ಅಂತ ದಿನಾ ಫೋನ್ ಮಾಡುತ್ತಾನೆ. ಬಂದು ನೋಡಪ್ಪ ಅಂದಿದ್ದೇನೆ.