ಮುಟ್ಟಿನ ಬಟ್ಟೆ ಕೆಟ್ಟದ್ದು ಒಣಹಾಕುವಲ್ಲಿ

"ಹಿಂದಿನ ಹೆಂಗಸರು ಪ್ಯಾಡ್ ಇಲ್ಲದೆ ಆರಾಮಾಗಿದ್ದರು" ಅನ್ನೋದು ಒಂದು ಗುಂಪು. "ಛೀ, ಹಳೇ ಬಟ್ಟೆ, ಎಂಥ ಗಲೀಜು" ಅನ್ನೋದು ಇನ್ನೊಂದು. ಆ ಬಟ್ಟೆ ಹೇಗೆ ಕಟ್ಟುತ್ತಿದ್ದರು ಅನ್ನೋದು ಇಬ್ಬರಿಗೂ ಗೊತ್ತಿದ್ದಂತಿಲ್ಲ.

ಕೊಪ್ಪಳ, ರಾಯಚೂರಿನ ಎರೆಹೊಲದಲ್ಲಿ ಹತ್ತಿಗೆ ಬರವಿರಲಿಲ್ಲ. ಆದರೂ ಇದಕ್ಕೆ ಹೊಸ ಬಟ್ಟೆ ಆಗಿಬರುವುದಿಲ್ಲ. ಹತ್ತಿ ಎಳೆಯ ಮೇಲೆ ಮೇಣದಂಥ ಪದರ ಇರುತ್ತದೆ, ಮಗ್ಗಕ್ಕೆ ಏರಿಸುವಾಗ ಗಂಜಿಯೂ ಸೇರುತ್ತದೆ. ಬಿದ್ದ ಹನಿ ಇಂಗದೆ ಜಾರುತ್ತದೆ. ವರ್ಷಗಟ್ಟಲೆ ಒಗೆದು ಮೆತ್ತಗಾದ ಧೋತರವೋ ಸೀರೆಯ ಒಡಲೋ ಬೇಕು. ಇಳಕಲ್ ಸೀರೆಯಾದರೆ ಸೆರಗು, ಅಂಚು ಎರಡನ್ನೂ ಹರಿದು ತೆಗೆಯಬೇಕು. ರೇಷ್ಮೆ ಸೆರಗು ಅಷ್ಟಾಗಿ ಹೀರಲ್ಲ, ಗಟ್ಟಿ ಅಂಚು ತೊಡೆಸಂದು ಕೊಯ್ಯುತ್ತದೆ.

ಕಟ್ಟಲು ಎರಡು ತುಂಡು. ಒಂದನ್ನು ನಾಲ್ಕು ಬೆರಳಗಲಕ್ಕೆ, ಆರೆಂಟು ಪದರ ಬರುವಂತೆ ಮಡಚುವುದು. ಇನ್ನೊಂದು ಲಂಗೋಟಿಯಂಥ ಉದ್ದ ಪಟ್ಟಿ, ಮುಂದೆ ಹಿಂದೆ ಉಡಿದಾರಕ್ಕೆ ಸಿಕ್ಕಿಸುವುದು. ಉಡಿದಾರ ಸಡಿಲಾದರೆ ಮಡಿಕೆ ಹಿಂದಕ್ಕೆ ಸರಿಯುತ್ತದೆ, ಬಿಗಿಯಾದರೆ ಸೊಂಟಕ್ಕೆ ಬರೆ. ಹತ್ತಿ ಬಿಡಿಸುವಾಗ ಹೇಗೋ ನಡೆಯುತ್ತಿತ್ತು. 1953ರಲ್ಲಿ ತುಂಗಭದ್ರಾ ಡ್ಯಾಂ ಆಗಿ, ಕಾಲುವೆ ಬಂದು, ಗಂಗಾವತಿ, ಸಿಂಧನೂರು ಕಡೆ ಭತ್ತ ಹಬ್ಬಿದ ಮೇಲೆ ನಾಟಿ ಹೆಣ್ಣಾಳುಗಳ ಪಾಡು ಬೇರೆ: ಹೊತ್ತು ಮುಳುಗುವ ತನಕ ಕೆಸರಲ್ಲಿ ಬಗ್ಗಿ ನಿಲ್ಲಬೇಕು, ಬದಲಿಸಲು ಒಂದು ಗಿಡದ ಮರೆಯೂ ಇಲ್ಲ.

ಕೆಲವು ಕಡೆ ಬಟ್ಟೆಯೊಳಗೆ ಬೂದಿ ಸುತ್ತಿ ಇಡುತ್ತಿದ್ದರು. ಒದ್ದೆಯಾದ ಬೂದಿ ಕ್ಷಾರ ಬಿಡುತ್ತದೆ, ಚರ್ಮ ಉರಿಯುತ್ತದೆ. ಇದನ್ನೂ 'ನೈಸರ್ಗಿಕ' ಅಂತ ಹೊಗಳುವವರಿದ್ದಾರೆ!

ಒಗೆಯಲು ಮೊದಲು ತಣ್ಣೀರೇ. ಬಿಸಿನೀರು ಹುಯ್ದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಕಚ್ಚುತ್ತದೆ. ನೀರು ತಿಳಿಯಾಗುವವರೆಗೆ ಹಿಂಡಿ, ಆಮೇಲೆ ಸವಳು ಮಣ್ಣು ಇಲ್ಲವೇ ಅಂಟವಾಳ ಹಚ್ಚಿ, ಚೂರೂ ಉಳಿಯದಂತೆ ಜಾಲಿಸುವುದು.

ಇಲ್ಲಿತನಕ ಕೆಲಸ ಚೊಕ್ಕ. ಮುಂದೆ ಕೆಟ್ಟಿತು. ಹಪ್ಪಳ ಸುಡುವಂಥ ರಾಯಚೂರು ಬಿಸಿಲು ಅಂಗಳದಲ್ಲೇ ಇದ್ದರೂ, ಗಂಡಸರ ಕಣ್ಣಿಗೆ ಬೀಳಬಾರದೆಂದು ಬಟ್ಟೆ ಬಚ್ಚಲ ಮೂಲೆಗೆ, ಬಣವಿ ಸಂದಿಗೆ, ಹಸಿ ಸೀರೆಯ ಅಡಿಗೆ ಹೋಯಿತು. ಅರ್ಧ ಒಣಗಿದ್ದನ್ನೇ ಗೂಡಿಗೆ ತುರುಕಿದರೆ ಮುಗ್ಗಲು ವಾಸನೆ, ತುರಿಕೆ, ಕೆಲವೊಮ್ಮೆ ಮಡಿಕೆಯಲ್ಲಿ ಚೇಳು. 12ನೇ ಶತಮಾನದ ಶರಣರು ಪಂಚಸೂತಕಗಳನ್ನು, ಅಂದರೆ ಐದು ಬಗೆಯ ಮೈಲಿಗೆಗಳನ್ನು ತಳ್ಳಿಹಾಕಿದ್ದರು; ಮುಟ್ಟಿನ ಮೈಲಿಗೆಯಾದ ರಜಸ್ಸೂತಕವೂ ಅವುಗಳಲ್ಲೊಂದು. ಅವರ ಹೆಸರು ಹೇಳುವ ಮನೆಗಳಲ್ಲೂ ಈ ಬಟ್ಟೆ ಅಂಗಳದ ಹಗ್ಗಕ್ಕೆ ಬರಲಿಲ್ಲ.

ಈಗ ಬಟ್ಟೆ ಪ್ಯಾಡ್ ಮತ್ತೆ ಅಂಗಡಿಗೆ ಬಂದಿದೆ. ತಂದವರು ಮೂರ್ನಾಲ್ಕು ಸಲ ಒಗೆದೇ ಬಳಸಿ. ಕಪ್ಪು ಬಣ್ಣದ್ದು ಬೇಡ, ಕಲೆ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಪದರ ಸೇರಿಸಿ ಹೊಲಿದ ದಪ್ಪ ಪ್ಯಾಡ್ ಮೇಲೆ ಗರಿಗರಿ ಅನಿಸಿದರೂ ಒಳಗೆ ತೇವ ಹಿಡಿದಿರುತ್ತದೆ. ಬಿಚ್ಚಿ ಹರವಲು ಬರುವಂಥದ್ದನ್ನೇ ಕೊಳ್ಳಿ.