ಹಿರಿಯರ ಉದ್ದ, ಅಗಲ, ಎತ್ತರ ಎಷ್ಟು?

ನಗರಸಭೆಯಿಂದ ದುಡ್ಡು ಹೊರಡಬೇಕಾದರೆ ಕೆಲಸಕ್ಕೆ ಮೂರು ಗುಣ ಇರಬೇಕು: ಉದ್ದ, ಅಗಲ, ಎತ್ತರ. ಚರಂಡಿಗೆ ಮೂರೂ ಇವೆ. ಕಾಂಪೌಂಡಿಗೆ ಇವೆ. ಸ್ವಾಗತ ಕಮಾನಿಗಂತೂ ಊರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇವೆ. ಆದರೆ ಎಪ್ಪತ್ತು ದಾಟಿದ ಅಜ್ಜಿಗೆ ಮೊಬೈಲಿನಲ್ಲಿ ಪಿಂಚಣಿ ಬಂತೋ ಇಲ್ಲವೋ ನೋಡಿಕೊಳ್ಳಲು ಹೇಳಿಕೊಡುವ ಕೆಲಸದ ಅಗಲ ಎಷ್ಟು? ಕಿರಿಯ ಎಂಜಿನಿಯರ್ ಟೇಪು ಹಿಡಿದು ಬರುತ್ತಾರೆ, ಅಜ್ಜಿಯನ್ನೊಮ್ಮೆ ನೋಡುತ್ತಾರೆ, ಅಳತೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಹೋಗುತ್ತಾರೆ. ಎಂಬಿ ಬುಕ್ಕಿಗೆ, ಅಂದರೆ ಆ ಅಳತೆ ಪುಸ್ತಕಕ್ಕೆ, ಏರದ್ದು ಬಿಲ್ಲಿಗೆ ಏರುವುದಿಲ್ಲ, ಬಿಲ್ಲಿಗೆ ಏರದ್ದು ಮುಂದಿನ ವರ್ಷದ ಬಜೆಟ್ಟಿಗೆ ಏರುವುದಿಲ್ಲ. ಬೆಂಗಳೂರಿನ ಸುತ್ತ ಮೊನ್ನೆ ಮೊನ್ನೆ ತನಕ ಗ್ರಾಮ ಪಂಚಾಯಿತಿಯಾಗಿದ್ದು ಈಗ ನಗರಸಭೆಯೆಂದು ಬೋರ್ಡು ಬದಲಿಸಿಕೊಂಡಿರುವ ಊರುಗಳಲ್ಲಿ ಹಿರಿಯರ ಕಾರ್ಯಕ್ರಮ, ಲೋಕ ಶಿಕ್ಷಣ (ಅಂದರೆ ವಯಸ್ಕರ ಕಲಿಕೆ) ಎಂಬ ಎರಡು ಶೀರ್ಷಿಕೆಗಳ ಕತೆ ಇಷ್ಟೇ. ಆದರೂ ಇದನ್ನು ಕೂಲಂಕಷವಾಗಿ ಹೇಳದಿದ್ದರೆ ತೆರಿಗೆ ಕಟ್ಟುವವರಿಗೆ ಅನ್ಯಾಯವಾದೀತು.

ಮೊದಲು ತೆರಿಗೆ ಚಲನ್ನನ್ನೇ ಕೈಗೆ ತೆಗೆದುಕೊಳ್ಳಿ. ವರ್ಷಕ್ಕೆ 6,000 ರೂಪಾಯಿ ಆಸ್ತಿ ತೆರಿಗೆಯ ಮನೆ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಆರೋಗ್ಯ ಕರ ಶೇ. 15, ಅಂದರೆ 900. ಗ್ರಂಥಾಲಯ ಕರ ಶೇ. 6, ಅಂದರೆ 360. ಭಿಕ್ಷುಕರ ಕರ ಶೇ. 3, ಅಂದರೆ 180. ಮೂರೂ ಸೇರಿ 1,440 ರೂಪಾಯಿ. ಈ 360 ರೂಪಾಯಿಯನ್ನು ನಗರಸಭೆ ತನಗಾಗಿ ವಸೂಲಿ ಮಾಡುವುದಲ್ಲ. 1965ರ ಗ್ರಂಥಾಲಯ ಕಾಯ್ದೆಯ ಹೆಸರಿನಲ್ಲಿ ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕು. ಇಲ್ಲಿ ನಗರಸಭೆ ಬರೀ ಅಂಚೆಯಣ್ಣ. ಆದರೆ ಅಂಚೆಯಣ್ಣನ ಮನೆಯಲ್ಲೂ ಕರೆಂಟ್ ಬಿಲ್ ಬಾಕಿ ಇದೆ, ನೀರಿನ ಮೋಟರ್ ಸುಟ್ಟಿದೆ, ಹೊರಗುತ್ತಿಗೆ ನೌಕರರಿಗೆ ಮೂರು ತಿಂಗಳ ಸಂಬಳ ನಿಂತಿದೆ. ಹಾಗಾಗಿ ಮನಿಯಾರ್ಡರ್ ಅಲ್ಲೇ ತುಸು ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಕೊಡಬೇಕಾದ ಬಾಕಿಯ ಸುದ್ದಿ ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಬರುತ್ತದೆ. ಆ ಪತ್ರಿಕೆಯನ್ನು ಓದಲು ಹಿರಿಯರು ಗ್ರಂಥಾಲಯಕ್ಕೆ ಹೋದರೆ, ಏಜೆಂಟರ ಬಿಲ್ ಪಾವತಿಯಾಗದೆ ಪತ್ರಿಕೆಯೇ ನಿಂತುಹೋಗಿರುತ್ತದೆ.

ಊರು ಪಂಚಾಯಿತಿಯಾಗಿದ್ದಾಗ ಅಲ್ಲೊಂದು ಗ್ರಂಥಾಲಯವಿತ್ತು. 2019ರಲ್ಲಿ ಅಂಥವೆಲ್ಲ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಆಮೇಲೆ ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಪಡೆದವು. ಈಗ ಊರೇ ಗ್ರಾಮವಲ್ಲ ಎಂದಾದ ಮೇಲೆ ಅಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೇನು ಕೆಲಸ? ನಗರದ್ದು ಎಂದು ಇನ್ನೊಂದು ಇಲಾಖೆ ತೆಗೆದುಕೊಳ್ಳೋಣವೆಂದರೆ ಕಟ್ಟಡದ ಹಸ್ತಾಂತರ ಪತ್ರವಿಲ್ಲ, ಪುಸ್ತಕಗಳ ದಾಸ್ತಾನು ಪಟ್ಟಿ ತಾಳೆಯಾಗಿಲ್ಲ, ಮೇಲ್ವಿಚಾರಕರ ಗೌರವಧನ ಯಾವ ಲೆಕ್ಕಶೀರ್ಷಿಕೆಯಿಂದ ಎಂಬ ಸ್ಪಷ್ಟೀಕರಣ ಬಂದಿಲ್ಲ. ಹೆಣ್ಣು ಕೊಟ್ಟವರ ಮನೆಯದ್ದೂ ಅಲ್ಲ, ತಂದವರ ಮನೆಯದ್ದೂ ಅಲ್ಲ ಎಂಬಂತೆ ಗ್ರಂಥಾಲಯ ಬೀಗ ಹಾಕಿಕೊಂಡು ಕೂತಿರುತ್ತದೆ. ಬಡ್ತಿ ಸಿಕ್ಕಿದ್ದು ಊರಿಗೆ, ಅಮಾನತಾಗಿದ್ದು ಓದು.

ಇನ್ನು ಬಜೆಟ್. ನಗರಸಭೆಯ ಮುಂಗಡಪತ್ರದಲ್ಲಿ ಮನುಷ್ಯರಾಗಿ ಕಾಣಿಸಿಕೊಳ್ಳಬೇಕಾದರೆ ಪ್ರತಿ ವರ್ಗಕ್ಕೂ ಒಂದು ಶೇಕಡಾ ಬೇಕು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ. 24.10 ಇದೆ. ಇತರೆ ಬಡವರಿಗೆ ಶೇ. 7.25 ಇದೆ. ಅಂಗವಿಕಲರಿಗೆ ಶೇ. 5 ಇದೆ. ಇವು ಖರ್ಚಾಗುವ ರೀತಿ ಬೇರೆಯೇ ಪುರಾಣ, ಆದರೂ ಹೆಸರಾದರೂ ಇದೆ, ಸಮುದಾಯ ಸಂಘಟಕರ ಮೇಜಿನ ಮೇಲೆ ಒಂದು ಕಡತವಾದರೂ ಇದೆ. ವಯಸ್ಸಾದವರಿಗೆ ಮಾತ್ರ ದಶಾಂಶದ ಚುಕ್ಕಿಯೂ ಇಲ್ಲ. ಅವರು ‘ಇತರೆ ಸಾರ್ವಜನಿಕ ವೆಚ್ಚ’ದಲ್ಲಿ ಬೀದಿನಾಯಿ ನಿಯಂತ್ರಣ ಮತ್ತು ರಾಷ್ಟ್ರೀಯ ಹಬ್ಬಗಳ ನಡುವೆ ಎಲ್ಲೋ ಬರುತ್ತಾರೆ. ಕೇಂದ್ರದ ಹಣಕಾಸು ಆಯೋಗದ ಅನುದಾನ ಕೇಳೋಣವೆಂದರೆ, 2026ರ ಮಾರ್ಚ್ ತನಕದ 15ನೇ ಆಯೋಗದ್ದರಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದದ್ದಕ್ಕೆ ಕಟ್ಟಿರಲಿಲ್ಲ, ಆದರೆ ಸಂಬಳ, ಸಿಬ್ಬಂದಿ ಖರ್ಚಿಗೆ ಮುಟ್ಟುವಂತಿರಲಿಲ್ಲ. ಕಲಿಸುವವರಿಗೆ ಗೌರವಧನ ಎಂದು ಬರೆದರೆ ಲೆಕ್ಕ ಅಧೀಕ್ಷಕರು ಕನ್ನಡಕದ ಮೇಲಿಂದ ನೋಡಿ ‘ಇದು ಸಂಬಳದ ಥರಾನೇ ಕಾಣ್ತದಲ್ಲ ಸ್ವಾಮಿ’ ಎನ್ನುತ್ತಾರೆ. ಕಲಿಸುವ ಕಟ್ಟಡ ಎಂದು ಬರೆದರೆ ಏನೂ ಕಾಣುವುದಿಲ್ಲ.

ಕಾನೂನಿನ ಆಸರೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮಿನಲ್ಲಿ, ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ನಿರ್ಗತಿಕ ವೃದ್ಧರು ಇರುವಂಥ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದಿದೆ. ಜಿಲ್ಲೆ, ಸಂಖ್ಯೆ, ಕನಿಷ್ಠ ಎಲ್ಲವನ್ನೂ ಇಷ್ಟು ಖಚಿತವಾಗಿ ಬರೆದು ಕೊನೆಗೊಂದು ‘ಬಹುದು’. ನಮ್ಮ ಆಡಳಿತ ಕನ್ನಡದಲ್ಲಿ ಎರಡು ಪ್ರತ್ಯಯಗಳಿವೆ. ಕಟ್ಟುವವನಿಗೆ ‘ತಕ್ಕದ್ದು’, ಕೊಡುವವನಿಗೆ ‘ಬಹುದು’.

ಇಷ್ಟೆಲ್ಲ ಆದಮೇಲೂ ಯಾರೋ ಒಬ್ಬ ಸದಸ್ಯರು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಹಿರಿಯರಿಗೆ ಏನಾದರೂ ಮಾಡಲೇಬೇಕು ಎಂದರು ಅನ್ನಿ. ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ. ಕ್ರಿಯಾ ಯೋಜನೆಗೆ ಸೇರುತ್ತದೆ, ಜಿಲ್ಲಾಧಿಕಾರಿ ಕಚೇರಿಗೆ ಅನುಮೋದನೆಗೆ ಹೋಗುತ್ತದೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು. ಈ ಗಿರಣಿಗೆ ಮೇಲಿನಿಂದ ಏನೇ ಹಾಕಿದರೂ ಕೆಳಗೆ ಬೀಳುವುದು ಕಾಂಕ್ರೀಟೇ. ‘ಹಿರಿಯರಿಗೆ ಹಗಲು ಕಾಲ ಕಳೆಯಲು ಜಾಗ’ ಎಂದು ಹಾಕಿದ್ದು ‘ಉದ್ಯಾನವನದಲ್ಲಿ ಹಿರಿಯರಿಗಾಗಿ ಬೆಂಚು, ತೆರೆದ ವ್ಯಾಯಾಮ ಶಾಲೆ ಮತ್ತು ಇಂಟರ್‌ಲಾಕ್ ಟೈಲ್ಸ್ ಅಳವಡಿಕೆ ಕಾಮಗಾರಿ’ ಎಂದು ಹೊರಬರುತ್ತದೆ.

ಆ ಬೆಂಚನ್ನು ಹತ್ತಿರದಿಂದ ನೋಡಬೇಕು. ಮೊಣಕಾಲು ನೋವಿನವರು ಕೂತು ಏಳಬೇಕಾದರೆ ಆಸನ ನೆಲದಿಂದ ಸುಮಾರು 18 ಇಂಚು ಇರಬೇಕು, ಎರಡೂ ಬದಿಗೆ ಕೈಯೂರುವ ಹಿಡಿ ಇರಬೇಕು, ಬೆನ್ನಿಗೆ ಒರಗು ಇರಬೇಕು. ಎರಕದ ಸಿಮೆಂಟ್ ಬೆಂಚಿಗೆ ಹಿಡಿ ಇಲ್ಲ. ಒರಗು ಇದ್ದರೆ ಅದು ಬೆನ್ನಿಗಲ್ಲ, ಸದಸ್ಯರ ಹೆಸರು ಬರೆಸಲಿಕ್ಕೆ. ಮೊದಲು ಬೆಂಚು ಹಾಕಿ ಬಿಲ್ ಆಗುತ್ತದೆ. ಮುಂದಿನ ವರ್ಷ ಇನ್ನೊಬ್ಬ ಗುತ್ತಿಗೆದಾರ ಬಂದು ಜಲ್ಲಿಪುಡಿ ಸುರಿದು ಅದರ ಮೇಲೆ 60 ಎಂ.ಎಂ. ದಪ್ಪದ ಟೈಲ್ಸ್ ಹಾಸುತ್ತಾನೆ. ನೆಲ ನಾಲ್ಕು ಇಂಚು ಮೇಲೆ ಬಂತು, ಬೆಂಚು ನಾಲ್ಕು ಇಂಚು ಕೆಳಗೆ ಹೋಯಿತು. ಈಗ ಅದು ಕೂರಲು ಅಡ್ಡಿಯಿಲ್ಲ, ಏಳಲು ಮಾತ್ರ ಇಬ್ಬರು ಬೇಕು. ಕೆಳಗಿನ ಪುಡಿಯನ್ನು ಸರಿಯಾಗಿ ದಮ್ಮಸು ಮಾಡಿರುವುದಿಲ್ಲವಾದ್ದರಿಂದ ಒಂದು ಮಳೆಗಾಲದಲ್ಲಿ ಟೈಲ್ಸ್ ಅಲ್ಲಲ್ಲಿ ಕುಸಿದು ಪಕ್ಕದ ಸಾಲು ಅರ್ಧ ಇಂಚು ಎದ್ದು ನಿಲ್ಲುತ್ತದೆ. ಕಾಲು ಎಳೆದುಕೊಂಡು ನಡೆಯುವವರಿಗೆ ಅರ್ಧ ಇಂಚು ಸಾಕು. ಮರದ ನೆರಳಿದ್ದ ಕಡೆ ಪಾಚಿ. ಸೊಂಟದ ಮೂಳೆ ಮುರಿದರೆ ಅದು ಆರೋಗ್ಯ ಕರದ ವ್ಯಾಪ್ತಿಗೆ ಬರುತ್ತದೆಯೇ ಎಂದು ಯಾರೂ ಕೇಳಿಲ್ಲ.

ವ್ಯಾಯಾಮ ಶಾಲೆಯಲ್ಲಿ ಉಯ್ಯಾಲೆಯಂತೆ ಕಾಲು ಬೀಸುವ ಒಂದು ಯಂತ್ರ ಇರಲೇಬೇಕು. ಎರಡು ಕಾಲೂ ಬೇರೆ ಬೇರೆ ದಿಕ್ಕಿಗೆ ಓಡುವ ಆ ವಸ್ತುವನ್ನು ಎಪ್ಪತ್ತೈದರ ಸಮತೋಲನಕ್ಕೆ ಯಾರು ಹೊಂದಿಸಿದರೋ ಗೊತ್ತಿಲ್ಲ, ಹುಡುಗರಿಗೆ ಮಾತ್ರ ಚೆನ್ನಾಗಿ ಹೊಂದಿದೆ. ಒಂದೊಂದು ಪೆಡಲಿನ ಮೇಲೆ ಇಬ್ಬಿಬ್ಬರು. ಮೊದಲು ಬೇರಿಂಗಿನ ಗ್ರೀಸ್ ಒಣಗಿ ಕಿರ್ರ್ ಎನ್ನುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ, ಆಮೇಲೆ ಬುಡದ ವೆಲ್ಡಿಂಗ್ ಬಿಡುತ್ತದೆ. ಒಂದು ಡಬ್ಬಿ ಗ್ರೀಸಿಗೆ ಅಂದಾಜು ಪಟ್ಟಿ ಮಾಡಲಾಗುವುದಿಲ್ಲ. ಹೊಸ ಯಂತ್ರಕ್ಕೆ ಮಾಡಬಹುದು. ಅಂದಹಾಗೆ ಉದ್ಯಾನದ ಗೇಟು ತೆರೆಯುವುದು ಬೆಳಿಗ್ಗೆ 5ರಿಂದ 10, ಸಂಜೆ 4ರಿಂದ 8. ಮಕ್ಕಳು ಸೊಸೆ ಕೆಲಸಕ್ಕೆ ಹೋಗಿ, ಮನೆ ಖಾಲಿಯಾಗಿ, ಫ್ಲ್ಯಾಟಿನ ಗೋಡೆಗಳು ಮಾತಾಡಲು ಶುರುಮಾಡುವ 10ರಿಂದ 4ರ ತನಕ ಗೇಟಿಗೆ ಬೀಗ.

ಲೋಕ ಶಿಕ್ಷಣದ ವಿಷಯಕ್ಕೆ ಬಂದರೆ ಹಿರಿಯರಿಗೆ ಡಿಜಿಟಲ್ ಸಾಕ್ಷರತಾ ಶಿಬಿರ. ಶಾಮಿಯಾನ, 80 ಜನ, ಒಂದು ಪ್ರೊಜೆಕ್ಟರ್. ಹಗಲು ಬೆಳಕಿನಲ್ಲಿ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಕಾಣುವವರಿಗೆ ಅಕ್ಷರ ಚಿಕ್ಕದು. ಸಂಪನ್ಮೂಲ ವ್ಯಕ್ತಿ ನಲವತ್ತು ನಿಮಿಷ ಸೈಬರ್ ವಂಚನೆಯ ಬಗ್ಗೆ ಮಾತಾಡಿ, ಒಟಿಪಿ ಯಾರಿಗೂ ಕೊಡಬೇಡಿ ಎಂದು ಮೂರು ಬಾರಿ ಹೇಳಿ ಕಾರು ಹತ್ತುತ್ತಾರೆ. ಒಟಿಪಿ ಎಲ್ಲಿ ಬರುತ್ತದೆ ಎಂದು ಕೇಳಬೇಕೆಂದಿದ್ದವರ ಕೈ ಎತ್ತಿದ್ದು ಎತ್ತಿದ ಹಾಗೇ ಇರುತ್ತದೆ. ಅವರಿಗೆ ಬೇಕಿದ್ದುದು ಬೇರೆ. ಸಂಧ್ಯಾ ಸುರಕ್ಷಾ ಎಂಬ ಹಿರಿಯರ ಪಿಂಚಣಿಯ ತಿಂಗಳ 1,200 ರೂಪಾಯಿ ನಿಂತುಹೋಗಿದೆ. ನಿಂತಿಲ್ಲ, ಇನ್ನೊಂದು ಬ್ಯಾಂಕಿಗೆ ಹೋಗುತ್ತಿದೆ. ಎಂದೋ ಸ್ವಸಹಾಯ ಸಂಘದವರು ತೆರೆಸಿದ ಖಾತೆಗೆ ಕೊನೆಯದಾಗಿ ಆಧಾರ್ ಜೋಡಣೆಯಾಗಿದೆ. ಆಧಾರ್ ಆಧಾರಿತ ಪಾವತಿ ಕೊನೆಗೆ ಜೋಡಣೆಯಾದ ಖಾತೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಇದನ್ನು ಪತ್ತೆಹಚ್ಚಲು ಪಕ್ಕದಲ್ಲಿ ಕೂತು ಅವರದೇ ಫೋನಿನಲ್ಲಿ ಹತ್ತು ನಿಮಿಷ ತೋರಿಸುವವರು ಬೇಕು. ಕಲಿಯುವ ಹತ್ತು ಜನರ ತಂಡ, ವಾರಕ್ಕೆ ಎರಡು ಗಂಟೆ, ಹನ್ನೆರಡು ವಾರ. ಕಲಿಸುವವರಿಗೆ ಗಂಟೆಗೆ 300 ರೂಪಾಯಿ ಎಂದರೂ 7,200 ರೂಪಾಯಿ. ಅದಕ್ಕೆ ಉದ್ಘಾಟನೆ ಇಲ್ಲ, ಬ್ಯಾನರ್ ಇಲ್ಲ, ಉದ್ದ ಅಗಲ ಮೊದಲೇ ಇಲ್ಲ. ಆದ್ದರಿಂದ ಅದೂ ಇಲ್ಲ.

ಕೇಂದ್ರದ ಉಲ್ಲಾಸ್ ಎಂಬ ಸಾಕ್ಷರತಾ ಯೋಜನೆ ಇದೆಯಲ್ಲ ಎನ್ನಬಹುದು. 2022ರಿಂದ 2027ರ ತನಕ, 15 ದಾಟಿದ ಎಲ್ಲ ಅನಕ್ಷರಸ್ಥರಿಗೂ. ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕದ ಪರೀಕ್ಷೆಯೂ ಇದೆ. ಕಲಿಸುವವರು ಸ್ವಯಂಸೇವಕರು, ಅಂದರೆ ಬಿಟ್ಟಿ. ಉಲ್ಲಾಸದಿಂದಲೇ ಕಲಿಸಬೇಕು. ಅರವತ್ತೈದರ ಕಲಿಕಾರ್ಥಿ ‘ಅ’ ಮತ್ತು ‘ಆ’ ನಡುವೆ ತಡವರಿಸಿದರೆ ಬುದ್ಧಿ ಮಂದವೆಂದು ಬರೆದುಕೊಳ್ಳುತ್ತಾರೆ. ಫುಟ್‌ಪಾತಿನಲ್ಲಿ ಸಿಗುವ ಪ್ಲಸ್ ಎರಡರ ಓದುವ ಕನ್ನಡಕ ಕೊಟ್ಟರೆ ಅರ್ಧ ತಡವರಿಕೆ ಅಲ್ಲೇ ಹೋಗುತ್ತದೆ. ಕನ್ನಡಕ ಆರೋಗ್ಯ ಇಲಾಖೆಯದು, ಅಕ್ಷರ ಶಿಕ್ಷಣ ಇಲಾಖೆಯದು, ಕಣ್ಣು ಮಾತ್ರ ಒಂದೇ ಮುಖದಲ್ಲಿರುವುದು ಆಡಳಿತಕ್ಕೆ ದೊಡ್ಡ ತೊಡಕಾಗಿದೆ.

ಖರ್ಚಾಗುವ ದಿನವೂ ಒಂದಿದೆ, ಅಕ್ಟೋಬರ್ 1, ವಿಶ್ವ ಹಿರಿಯರ ದಿನ. ಶಾಮಿಯಾನ 30 ಅಡಿಗೆ 60 ಅಡಿ, 1,800 ಚದರಡಿ. ನೋಡಿ, ಅಳತೆ ಬಂದ ತಕ್ಷಣ ದುಡ್ಡೂ ಬಂತು. ಕುರ್ಚಿ 300, ಕೂರುವವರು 120. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ವೇದಿಕೆಗೆ. ಕೆಳಗಿದ್ದವರಿಗೆ ಪೊಟ್ಟಣದಲ್ಲಿ ಉಪ್ಪಿಟ್ಟು, ಒಂದು ತುಂಡು ಮೈಸೂರು ಪಾಕು, ಅದು ಸಕ್ಕರೆ ಕಾಯಿಲೆಯ ಜಾಗೃತಿ ಭಾಷಣ ಮುಗಿದ ಕೂಡಲೇ. ಟೆಂಡರು ಬೇಡವಾಗುವಂತೆ ಖರ್ಚನ್ನು ತುಂಡು ಮಾಡಿ ಮೂರು ಕೊಟೇಷನ್ ತರಿಸಿರುತ್ತಾರೆ. ಮೂರು ಅಂಗಡಿ, ಮೂರು ಸೀಲು, ಮೂರರಲ್ಲೂ ‘ಹಿರಿಯ ನಾಗರೀಕರ’ ಎಂದು ಒಂದೇ ದೀರ್ಘ ತಪ್ಪು. ಲೆಕ್ಕಪರಿಶೋಧಕರಿಗೆ ಕನ್ನಡ ಸರಿಯಾಗಿ ಬಂದರೆ ಇಲ್ಲೇ ಒಂದು ಆಕ್ಷೇಪಣೆ ಕಂಡಿಕೆ ಆಗಬೇಕಿತ್ತು. ಹತ್ತು ಗಂಟೆಗೆ ಬರಹೇಳಿ ಹನ್ನೆರಡಕ್ಕೆ ಅತಿಥಿಗಳು ಬರುತ್ತಾರೆ. ಸಕ್ಕರೆ, ಬಿಪಿ ಮಾತ್ರೆ ನುಂಗುವವರಿಗೆ ಗಂಟೆಗೊಮ್ಮೆ ಶೌಚಾಲಯ ಬೇಕು. ಶೌಚಾಲಯವಿದೆ. ಬೀಗದ ಕೈ ಇರುವ ನೌಕರರನ್ನು ಅತಿಥಿಗಳ ಸ್ವಾಗತಕ್ಕೆ ಗೇಟಿನ ಬಳಿ ನಿಲ್ಲಿಸಲಾಗಿದೆ.

ಇಡೀ ನಗರಸಭೆಯಲ್ಲಿ ಹಿರಿಯರಿಗೆ ಉದ್ದ, ಅಗಲ, ಆಳ ಮೂರೂ ಒಟ್ಟಿಗೆ ಸಿಗುವ ಒಂದೇ ಒಂದು ಕಡತವಿದೆ: ರುದ್ರಭೂಮಿ ಅಭಿವೃದ್ಧಿ. ಅದರ ಅಂದಾಜು ಪಟ್ಟಿ ತೆಗೆದು ನೋಡಿ. ಬಿಸಿಲು ಮಳೆಗೆ ತಗಡಿನ ಚಾವಣಿ, ಒರಗು ಇರುವ ಬೆಂಚು, ಕುಡಿಯುವ ನೀರಿನ ನಲ್ಲಿ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಶೌಚಾಲಯ, ಗಾಡಿ ಒಳಗೆ ಬರಲು ಇಳಿಜಾರು, ಬೀದಿದೀಪ, ಹಗಲು ರಾತ್ರಿ ಕಾವಲುಗಾರ. ಹಿರಿಯರು ಹಗಲು ಕಾಲ ಕಳೆಯುವ ಜಾಗಕ್ಕೆ ಕೇಳಿದ್ದ ಪಟ್ಟಿಯೇ ಇದು, ಒಂದು ಅಕ್ಷರ ಬದಲಾಗಿಲ್ಲ. ಆರಡಿಗೆ ಮೂರಡಿ. ಕಿರಿಯ ಎಂಜಿನಿಯರ್ ಟೇಪು ಬಿಚ್ಚಿ, ಅಳೆದು, ಎಂಬಿ ಬುಕ್ಕಿನಲ್ಲಿ ಬರೆದುಕೊಂಡು, ಬಿಲ್ಲನ್ನು ಅದೇ ವಾರ ಲೆಕ್ಕಶಾಖೆಗೆ ಕಳಿಸುತ್ತಾರೆ.