ತೇಗದ ಕಪಾಟಿಗೆ ಬಿಳಿ ಬಣ್ಣ!

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ಇವತ್ತು ಬೆಳಿಗ್ಗೆ ಹಳೇ ತೇಗದ ಕಪಾಟಿಗೆ ಸ್ಪ್ರೇ ಗನ್ನಿನಲ್ಲಿ ಬಿಳಿ ಡ್ಯೂಕೋ ಪೇಂಟ್ ಹೊಡೆಯುತ್ತಿದ್ದರು. ಹೊಸ ಟಿವಿ ಯೂನಿಟ್‌ಗೆ ಮ್ಯಾಚ್ ಆಗಬೇಕಂತೆ! ಮರದ ವಿಷಯ ಬಂದರೆ ನನ್ನ ಬಾಯಿ ನಿಲ್ಲಲ್ಲ ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಬೈದುಕೊಂಡಾದರೂ ಓದಿ.

ತೇಗದಲ್ಲಿ ಎಣ್ಣೆ ಅಂಶ ಇರುತ್ತೆ. ಮೊದಲು ಸರಿಯಾದ ಸೀಲರ್ (ಮರದ ಎಣ್ಣೆ ಮೇಲೆ ಬರದಂತೆ ತಡೆಯೋ ಲೇಪ) ಹಾಕದೆ ಬಿಳಿ ಹೊಡೆದರೆ ಕೆಲವು ತಿಂಗಳಲ್ಲಿ ಹಳದಿ ಕಲೆ ಮೇಲೆದ್ದು ಬರುತ್ತೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ, ಆಮೇಲೆ ಕುಗ್ಗಿ, ಜೋಡಣೆಗಳ ಹತ್ತಿರವೇ ಬಣ್ಣ ಸೀಳುತ್ತೆ.

ಹಳೇದು ಹೊಸದು ಹೊಂದಬೇಕಾದ್ದು ಬಣ್ಣದಲ್ಲಲ್ಲ ಸ್ವಾಮಿ, ಎತ್ತರದಲ್ಲಿ. ಸೋಫಾದ ಸೀಟು 17 ಇಂಚು ಇದ್ದರೆ ಪಕ್ಕದ ಹಳೇ ಬೆತ್ತದ ಕುರ್ಚಿಯೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಡೈನಿಂಗ್ ಟೇಬಲ್ 30 ಇಂಚಾದರೆ ಕುರ್ಚಿ 18; ಮೇಲೆ ದಪ್ಪ ಕುಶನ್ ಇಟ್ಟಿರೋ, ತೊಡೆ ಟೇಬಲ್ಲಿಗೆ ತಾಗುತ್ತೆ. ಹೊಸ ಪ್ಲೈವುಡ್‌ಗೆ ತೇಗದ ಪ್ರಿಂಟಿನ ಸನ್‌ಮೈಕಾ ಮಾತ್ರ ಬೇಡವೇ ಬೇಡ. ನಿಜವಾದ ತೇಗದ ಪಕ್ಕ ನಿಂತ ಕ್ಷಣ ಅದರ ಬಣ್ಣ ಬಯಲಾಗುತ್ತೆ. ಸಾದಾ ಬೂದು ಅಥವಾ ಮಾಸಲು ಬಿಳಿ ಹಾಕಿಸಿ, ಹಿಡಿಕೆಯನ್ನೋ ಅಂಚಿನ ಪಟ್ಟಿಯನ್ನೋ ತೇಗದಲ್ಲಿ ಮಾಡಿಸಿ. ಅಷ್ಟೇ ಮ್ಯಾಚಿಂಗ್ ಸಾಕು.

ಪಾಲಿಶ್ ಮಾಡಿಸೋ ಮುಂಚೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಕಪಾಟಿನ ಹಿಂಬದಿ ಉಜ್ಜಿ ನೋಡಿ. ಅಂಟಂಟಾದರೆ ಅದು ಹಳೇ ಅರಗಿನ ಪಾಲಿಶ್. ಅದರ ಮೇಲೇ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆದರೆ ಸರಿಯಾಗಿ ಕಚ್ಚಲ್ಲ, ಸಿಪ್ಪೆ ಏಳುತ್ತೆ. ಸಣ್ಣ ತೂತಿನ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹುಳ ಇನ್ನೂ ಒಳಗೇ ಇದೆ. ಸಿರಿಂಜಿನಲ್ಲಿ ತೂತು ತೂತಿಗೂ ಔಷಧಿ ಬಿಟ್ಟು ಮೇಣದಲ್ಲಿ ಮುಚ್ಚಿ, ಪುಡಿ ಬೀಳೋದು ನಿಂತ ಮೇಲೇ ಹೊಸ ಮಂಚದ ಪಕ್ಕ ತನ್ನಿ. ಹೊರಗೋಡೆಯಿಂದ 2 ಇಂಚು ದೂರ ಇಡಿ, ನಮ್ಮ ಮುಂಬೈ ಮಳೆಗೆ ಗೋಡೆ ಬೆವರುತ್ತೆ.

"ಒಂದು ಬಿಎಚ್‌ಕೆಯಲ್ಲಿ ಇಷ್ಟು ದೊಡ್ಡದು ಎಲ್ಲಿ ಇಡೋದು?" ಅಂತೀರಿ. ಬಿಳಿ ಹೊಡೆದರೆ ಕಪಾಟು ಚಿಕ್ಕದಾಗುತ್ತಾ? ಹಳೇ ಕಪಾಟುಗಳಲ್ಲಿ ಎಷ್ಟೋ ಬಿಚ್ಚಿ ಜೋಡಿಸೋ ಥರದವು: ತಲೆಪಟ್ಟಿ ಎತ್ತಿ, ಬೆಣೆ ತೆಗೆದರೆ ಲಿಫ್ಟಿನಲ್ಲೇ ಬರುತ್ತೆ. ತಮಾಷೆ ಅಂದ್ರೆ ಇದೇ ಜನ ಜೋಗೇಶ್ವರಿಯ ರಿಲೀಫ್ ರೋಡಿನ ಫರ್ನಿಚರ್ ಬಜಾರಿಗೆ ಹೋಗಿ, ಹಳೇದರ ಥರ ಕಾಣಲಿ ಅಂತ ಬಣ್ಣ ಕೆರೆದಿಟ್ಟ ಹೊಸ ಟೇಬಲ್ಲನ್ನ ಜಾಸ್ತಿ ದುಡ್ಡು ಕೊಟ್ಟು ತರ್ತಾರೆ.

ಈಗಾಗಲೇ ಬಿಳಿ ಹೊಡೆಸಿದ್ದೀರಾ? ಸ್ಯಾಂಡರ್ ಮಷಿನ್ ಮುಟ್ಟಬೇಡಿ, ಕೆತ್ತನೆಯ ಅಂಚೆಲ್ಲ ತಿಂದುಹಾಕುತ್ತೆ. ಪೇಂಟ್ ರಿಮೂವರ್ ಬಳಿದು, ಬಣ್ಣ ಗುಳ್ಳೆ ಏಳೋವರೆಗೆ ಬಿಟ್ಟು, ಮರದ ಗೆರೆಯ ಗುಂಟವೇ ಹೆರೆಯಿರಿ, ಆಮೇಲೆ ಹಿತ್ತಾಳೆ ಬ್ರಷ್ಷು. ಗೆರೆಯೊಳಗೆ ಒಂದಿಷ್ಟು ಬಿಳಿ ಉಳಿದೇ ಉಳಿಯುತ್ತೆ. ಯಾರಾದರೂ ಕೇಳಿದರೆ ಡಿಸೈನು ಅಂದುಬಿಡಿ, ಡಿಸೈನರುಗಳೂ ಅದನ್ನೇ ಮಾಡೋದು.